ತಂತಿಯಿಲ್ಲದ ಪಿಯಾನೊ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಕ್ಕು ಎದ್ದುಹೋಗುತ್ತಿದ್ದೆ. ಇದನ್ನು ನೀವು ನಂಬಲೇಬೇಕೆಂದೇನಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಯಾಪೈಸೆ ಬಂದ ಹೊಸತು. ಮಧುಗಿರಿಯ ಹಳೆಯ ಬಂಗಲೆಯೊಂದರಲ್ಲಿ ಗೆದ್ದಲು ಹಿಡಿದು ಬಿದ್ದಿದ್ದ ಪಿಯಾನೊ ನಮ್ಮ ಸ್ಕೂಲಿಗೆ ಬಂತು. ನನಗೆ ಹಾರ್ಮೋನಿಯಂ ಬರುತ್ತಿದ್ದುದರಿಂದ ಅದನ್ನು ಸರಿಮಾಡಿಸುವ ಕೆಲಸ ನನ್ನ ತಲೆಗೇ ಬಿತ್ತು. ಮರದ ಕೆಲಸಕ್ಕೆ ಶಿರಾದಿಂದ ಗಫೂರ್ ಸಾಬರನ್ನು ಕರೆಸಿದೆ. ಅರವತ್ತರ ಹತ್ತಿರದವರು. ಹತ್ತು ವರ್ಷದ ಹಿಂದೆ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಮೊಮ್ಮಗಳ ದನಿ ಹೆಂಗೈತೋ ಗೊತ್ತಿಲ್ಲ ಎಂದು ಒಮ್ಮೆ ಹೇಳಿಕೊಂಡಿದ್ದರು.

ತುಕ್ಕು ಹಿಡಿದ ತಂತಿಗಳನ್ನೆಲ್ಲ ಬಿಚ್ಚಿಹಾಕಿದ್ದೆವು. ಹೊಸವು ಬೆಂಗಳೂರಿನಿಂದ ಬರಬೇಕಿತ್ತು. ಒಂದು ಭಾನುವಾರ ಮಧ್ಯಾಹ್ನ ಸಾಬರು ಹೊರಗೆ ಹುಣಸೆಮರದ ಕೆಳಗೆ ಹಲಗೆ ಉಜ್ಜುತ್ತಿದ್ದರು. ನಾನು ಒಳಗೆ ಪಿಯಾನೊದ ಕೀಗಳನ್ನು ಒರೆಸುತ್ತಾ ಎರಡನ್ನು ಒತ್ತಿದೆ. ಟಕ್ ಎಂಬ ಮರದ ಸದ್ದು, ಅಷ್ಟೆ. ಸಾಬರು ಓಡಿಬಂದರು.

"ಸಾರ್, ಕೇಳಿಸ್ತು! ಎರಡು ಸಲ ಬಾರಿಸಿದ್ರಿ, ಅಲ್ವಾ?"

ಅವರನ್ನು ಮತ್ತೆ ಮರದ ಕೆಳಗೆ, ಬೆನ್ನು ಈ ಕಡೆ ಮಾಡಿ ನಿಲ್ಲಿಸಿ ಒಳಗೆ ಬಂದೆ. ಮೂರು ಸಲ ಒತ್ತಿ ಕಿಟಕಿಯಿಂದ ನೋಡಿದೆ; ಮೂರು ಬೆರಳು ಎತ್ತಿದರು. ಒಂದು ಸಲ ಒತ್ತಿದೆ, ಒಂದೇ ಬೆರಳು. ಐದಕ್ಕೆ ಐದು. ಕೊನೆಗೆ ಏನನ್ನೂ ಮುಟ್ಟದೆ ಕೈಕಟ್ಟಿ ನಿಂತೆ. ಆಗಲೂ ಸಾಬರ ಕೈ ಮೇಲೇರಿತು. ಬೆರಳುಗಳು ಎಣಿಸಿದವು, ಎಣಿಸಿದವು, ಆಮೇಲೆ ಎಣಿಕೆ ಬಿಟ್ಟು ಆ ಕೈ ನಿಧಾನಕ್ಕೆ ತಾಳ ಹಾಕತೊಡಗಿತು. ನನ್ನ ಕಿವಿಗೆ ಯಾವ ಸದ್ದೂ ಇರಲಿಲ್ಲ.

ಒಳಗೆ ಬಂದಾಗ ಅವರ ಗಡ್ಡ ಕಣ್ಣೀರಿನಿಂದ ನೆನೆದಿತ್ತು.

"ಕೊನೇಲಿ ಬಾರಿಸಿದ್ದು ನೀವಲ್ಲ ಬುಡಿ. ಯಾರಾದ್ರೂ ಆಗ್ಲಿ. ತಂತಿ ಮಾತ್ರ ಹಾಕ್ಬ್ಯಾಡಿ ಸಾರ್, ಕೈ ಮುಗೀತೀನಿ."

ಏನೋ ನೆಪ ಹೇಳಿ ಹತ್ತು ದಿನ ತಡೆದೆ. ಹತ್ತು ದಿನವೂ ಅವರು ಕೆಲಸವಿಲ್ಲದಿದ್ದರೂ ಬಂದು ಮರದ ಕೆಳಗೆ ಕೂತಿದ್ದರು. ಸ್ಕೂಲ್ ಡೇ ಹತ್ತಿರ ಬಂತು. ಹೆಡ್‌ಮಾಸ್ತರರಿಗೆ ಏನೆಂದು ಹೇಳಲಿ? ತಂತಿ ಹಾಕಿಸಿಬಿಟ್ಟೆ. ಪಿಯಾನೊ ಚೆನ್ನಾಗಿಯೇ ನುಡಿಯಿತು. ಸಾಬರು ಅದರ ಮರಕ್ಕೆ ಕಿವಿಯಿಟ್ಟು ನಿಂತರು. ನಾನು ಒತ್ತಿದೆ, ಜೋರಾಗಿ ಮತ್ತೆ ಮತ್ತೆ ಒತ್ತಿದೆ. ಏನೂ ಕೇಳಿಸುತ್ತಿಲ್ಲವೆಂದು ಅವರು ತಲೆ ಅಲ್ಲಾಡಿಸಿದರು. ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಶಿರಾ ಬಸ್ಸು ಹತ್ತಿದರು.

ನೆಲದ ಅದುರು ಅವರ ಬರಿಗಾಲಿಗೆ ತಟ್ಟಿರಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾನು ಒತ್ತಿದ್ದಕ್ಕೆ ಆ ಮಾತು ಹೊಂದೀತು. ಕೈಕಟ್ಟಿ ನಿಂತಿದ್ದೆನಲ್ಲ, ಆಗ ಅವರು ಏನನ್ನು ಕೇಳುತ್ತಿದ್ದರು? ಇವತ್ತಿಗೂ ನನಗೆ ಗೊತ್ತಿಲ್ಲ. ಅದನ್ನು ನಿಲ್ಲಿಸಿದವನು ನಾನು ಎಂಬುದಷ್ಟೇ ಗೊತ್ತು.