ಆಕ್ಸಿಜನ್ ನಿಂತ ಮೂರು ಮಧ್ಯಾಹ್ನ

ದೆವ್ವ, ಪೀಡೆ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಬಹಳ ವರ್ಷ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿದೆ. ಸತ್ತವರ ಮೈ ತೊಳೆದಿದ್ದೇನೆ, ಹೆಣ ಇಡುವ ಕೋಣೆಯ ಬಾಗಿಲಲ್ಲಿ ಕೂತು ರೊಟ್ಟಿ ತಿಂದಿದ್ದೇನೆ. ಒಳಗಿನಿಂದ ಯಾರೂ ಎದ್ದು ಬಂದು ಪಲ್ಯ ಕೇಳಲಿಲ್ಲ. ದೆವ್ವ ಕಂಡೆ ಎಂದವರನ್ನು ನಿನ್ನೆ ಹೊಟ್ಟೆಗೆ ಏನು ತಿಂದಿದ್ದೆ ಎಂದು ಕೇಳುತ್ತಿದ್ದೆ, ಈಗಲೂ ಕೇಳುತ್ತೇನೆ. ಆದರೆ ಈ ಒಂದು ಸಂಗತಿ ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ನನಗೆ ಓದುಬರಹ ಅಷ್ಟಕ್ಕಷ್ಟೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ತಿಳಿದವರು ನೋಡಿ ಹೇಳಿ.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನನ್ನ ಊರು ಕುರುಗೋಡಿನ ಹತ್ತಿರದ ಬಾದನಹಟ್ಟಿ. ಗಂಡ ಸತ್ತ ಮೇಲೆ ಬಳ್ಳಾರಿಗೆ ಬಂದು, ಕೌಲ್ ಬಜಾರಿನಲ್ಲಿ ಒಂದು ಕೋಣೆ ಹಿಡಿದು, ಹೆರಿಗೆ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿಯ ಡಾಕ್ಟರಮ್ಮನಿಗೆ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಉಳಿಸಬೇಕೆಂಬ ಹಟ. ಅದಕ್ಕೆಂದೇ ಒಂದು ಗಾಜಿನ ಪೆಟ್ಟಿಗೆಯನ್ನೂ ಆಕ್ಸಿಜನ್ ಸಿಲಿಂಡರುಗಳನ್ನೂ ಮದ್ರಾಸಿನಿಂದ ರೈಲಿನಲ್ಲಿ ತರಿಸಿದ್ದರು. ಪೆಟ್ಟಿಗೆ ಇದ್ದದ್ದು ಒಂದೇ.

ಆ ಬೇಸಿಗೆಯಲ್ಲಿ ಕರೂರಿನ ಗಂಗಮ್ಮ ಎಂಬ ಹೆಂಗಸು ಸೊಸೆಯನ್ನು ಗಾಡಿಯಲ್ಲಿ ಸಿರುಗುಪ್ಪಕ್ಕೆ ತಂದು, ಅಲ್ಲಿಂದ ಬಸ್ಸಿನಲ್ಲಿ ನಮ್ಮಲ್ಲಿಗೆ ಕರೆತಂದಳು. ಏಳು ತಿಂಗಳಿಗೇ ಹೆರಿಗೆ, ಅದೂ ಅವಳಿ. ಮೊದಲು ಗಂಡು, ಹಿಂದೆಯೇ ಹೆಣ್ಣು. ಗಂಡು ನನ್ನ ಎರಡು ಅಂಗೈ ತುಂಬುವಷ್ಟಿತ್ತು. ಹೆಣ್ಣು ಅಷ್ಟೂ ಇರಲಿಲ್ಲ, ಇಲಿಮರಿಯ ಹಾಗಿತ್ತು. ಸಣ್ಣದಕ್ಕೇ ಅಪಾಯ ಹೆಚ್ಚು, ಅದನ್ನು ಪೆಟ್ಟಿಗೆಯಲ್ಲಿಡು ಎಂದರು ಡಾಕ್ಟರಮ್ಮ. ಗಂಗಮ್ಮ ಪೆಟ್ಟಿಗೆಗೆ ಅಡ್ಡ ನಿಂತಳು.

“ಗಂಡುಕೂಸು ಇರುವಾಗ ಆಕಿಗ್ಯಾಕ್ರಿ ಗಾಜಿನ ಮನಿ? ಆಕಿನ್ನ ನಾನು ಅರಳ್ಯಾಗ ಸುತ್ತಿ ಮೊರದಾಗ ಇಟ್ಗಂತೀನಿ. ಉಳದ್ರ ಉಳೀಲಿ.”

“ಇಲ್ಲಿ ಡಾಕ್ಟರು ಯಾರಮ್ಮಾ, ನೀನೋ ನಾನೋ?”

“ಡಾಕ್ಟರು ನೀವ ರೀ. ಮೊಮ್ಮಗ ನನ್ನಾವ. ಆಗಂಗಿಲ್ಲ ಅಂದ್ರ ಹೇಳ್ರಿ, ಈಗಿಂದೀಗ ಎರಡೂ ಕಟ್ಗಂಡು ಹೊಕ್ಕೀನಿ.”

ಆ ಬಿಸಿಲಿನಲ್ಲಿ ಹೊರಟರೆ ಎರಡೂ ದಾರಿಯಲ್ಲೇ ಸಾಯುತ್ತಿದ್ದವು. ಡಾಕ್ಟರಮ್ಮ ಸೋತರು. ಗಂಡು ಪೆಟ್ಟಿಗೆಗೆ ಹೋಯಿತು. ಹೆಣ್ಣಿಗೆ ಮೊರ, ಬೀಜ ತೆಗೆದ ಅರಳೆ, ಬಟ್ಟೆ ಸುತ್ತಿದ ಬಿಸಿ ಇಟ್ಟಿಗೆ. ತಾಯಿಯ ಹಾಲಿನಲ್ಲಿ ಬತ್ತಿ ಅದ್ದಿ ಗಂಗಮ್ಮ ಅದರ ಬಾಯಿಗೆ ಹಿಂಡುತ್ತಿದ್ದಳು. ಅದು ಎರಡು ದಿನದ ಗಿರಾಕಿ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಹಗಲು ಹೊತ್ತು ಪೆಟ್ಟಿಗೆಯ ಕಾವಲು ನನ್ನದು. ಸಿಲಿಂಡರಿನಿಂದ ಬರುವ ಆಕ್ಸಿಜನ್ ಒಂದು ನೀರಿನ ಬಾಟಲಿಯಲ್ಲಿ ಗುಳುಗುಳು ಎನ್ನುತ್ತ ಹಾದು ಪೆಟ್ಟಿಗೆಯೊಳಕ್ಕೆ ಹೋಗುತ್ತಿತ್ತು. ಆ ಸಪ್ಪಳ ನಿಂತರೆ ಕೂಸು ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ನನಗೆ ಹತ್ತು ಸಲ ಹೇಳಿದ್ದರು. ಸಿಲಿಂಡರನ್ನು ತೆರೆಯುವುದಕ್ಕೂ ಮುಚ್ಚುವುದಕ್ಕೂ ಒಂದು ಕಬ್ಬಿಣದ ಚಾವಿ ಬೇಕು. ಬರಿಗೈಯಲ್ಲಿ ಅಲ್ಲಾಡುವಂಥದ್ದಲ್ಲ. ಆ ಚಾವಿ ನನ್ನ ಸೆರಗಿನ ಗಂಟಿನಲ್ಲಿರುತ್ತಿತ್ತು.

ಒಂದು ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಬಾಗಿಲ ಹೊರಗೆ ಕೂತು ರೊಟ್ಟಿ ಮುರಿಯುತ್ತಿದ್ದೆ. ಸಪ್ಪಳ ನಿಂತಿತು. ಓಡಿ ಹೋಗಿ ನೋಡಿದರೆ ಸಿಲಿಂಡರು ಮುಚ್ಚಿತ್ತು. ಖಾಲಿಯಾಗಿರಲಿಲ್ಲ, ಬಿಗಿಯಾಗಿ ಮುಚ್ಚಿತ್ತು. ಗಂಟು ಬಿಚ್ಚಿ, ಚಾವಿ ಹಾಕಿ, ಎರಡೂ ಕೈಯಿಂದ ತಿರುಗಿಸಿದ ಮೇಲೆ ತೆರೆಯಿತು. ನಾನೇ ಯಾವಾಗಲೋ ತೂಕಡಿಕೆಯಲ್ಲಿ ಮುಚ್ಚಿರಬೇಕು ಎಂದುಕೊಂಡು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತಿತ್ತು.

ಮರುದಿನ ಬೇರೆ ಸಿಲಿಂಡರು ಹಾಕಿದ್ದರು. ಊಟದ ಹೊತ್ತಿಗೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕೂತೆ. ಆ ಕೋಣೆಗೆ ಇನ್ನೊಂದು ಬಾಗಿಲಿಲ್ಲ, ಕಿಟಕಿಗೆ ಸರಳು. ಮತ್ತೆ ಸಪ್ಪಳ ನಿಂತಿತು. ಮತ್ತೆ ಅಷ್ಟೇ ಬಿಗಿ.

ಮೂರನೆಯ ದಿನ ರೊಟ್ಟಿ ಬಿಚ್ಚಲಿಲ್ಲ. ಕೋಣೆಯೊಳಗೆ, ಸಿಲಿಂಡರಿನಿಂದ ಒಂದು ಮೊಳ ದೂರದಲ್ಲಿ, ಚಾವಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ಏಳುವುದು, ಕೂರುವುದು, ಮತ್ತೆ ಏಳುವುದು. ಹೊರಗೆ ಕಾಗೆಯೂ ಕೂಗುತ್ತಿರಲಿಲ್ಲ. ನೋಡುತ್ತಿದ್ದ ಹಾಗೆಯೇ ಬಾಟಲಿಯಲ್ಲಿ ಗುಳ್ಳೆ ಕಡಿಮೆಯಾದವು. ಒಂದೊಂದಾಗಿ ಬಂದವು. ನಿಂತವು. ಸಿಲಿಂಡರಿನ ಹತ್ತಿರ ಯಾರೂ ಇರಲಿಲ್ಲ. ನನಗೆ ಸಿಟ್ಟು ಬಂತು.

“ಯಾವಾಕಿಯೇ ನೀನು? ಕೂಸು ಸಾಯ್ತೈತಿ, ಮುಚ್ಚಬ್ಯಾಡ! ಹೋಗಾಚಿಗಿ!” ಎಂದು ಬೈದು ಚಾವಿ ಹಾಕಿ ತೆರೆದೆ. ಯಾವಾಕಿ ಎಂದು ಯಾಕೆ ಅಂದೆನೋ, ಹೆಂಗಸೆಂದು ನನಗೆ ಹೇಗೆ ತಿಳಿಯಿತೋ, ಗೊತ್ತಿಲ್ಲ.

ಆಮೇಲೆ ಒಂದು ದಿನವೂ ಸಪ್ಪಳ ನಿಲ್ಲಲಿಲ್ಲ. ಇನ್ನೂ ಮೂರು ವಾರ ಆ ಕೂಸಿಗೆ ಆಕ್ಸಿಜನ್ ಕೊಟ್ಟೆವು. ಗಂಡೂ ಬದುಕಿತು, ಮೊರದಲ್ಲಿದ್ದ ಹೆಣ್ಣೂ ಬದುಕಿತು. ಗಂಗಮ್ಮ ಊರಿಗೆ ಹೋಗುವಾಗ ನನಗೆ ಒಂದು ಕುಪ್ಪಸದ ಕಣ ಕೊಟ್ಟಳು. “ನೀನು ಕಾದಿದ್ದಕ್ಕ ನನ್ನ ಮಲ್ಲೇಶ ಉಳದಾನವ್ವ” ಎಂದಳು. ನಾನೂ ಹಾಗೆಯೇ ತಿಳಿದೆ.

ಆರು ತಿಂಗಳಿಗೆ ಎರಡನ್ನೂ ಎತ್ತಿಕೊಂಡು ಬಂದಳು. ದೀಪ ತೋರಿಸಿದರೆ ಹೆಣ್ಣುಕೂಸು ಕಣ್ಣು ತಿರುಗಿಸುತ್ತಿತ್ತು. ಮಲ್ಲೇಶ ತಿರುಗಿಸುತ್ತಿರಲಿಲ್ಲ. ಕಾಡಿಗೆ ಒರೆಸಿ ನೋಡಿದರೆ ಎರಡೂ ಪಾಪೆಯ ಹಿಂದೆ ಬೆಳ್ಳಗೆ, ಹಾಲಿನ ಕೆನೆಯ ಹಾಗೆ. ಡಾಕ್ಟರಮ್ಮ ಟಾರ್ಚು ಆರಿಸಿದರು. ಅವನಿಗೆ ಕಣ್ಣು ಬರುವುದಿಲ್ಲ ಎಂದು ಆಮೇಲೆ ಹೇಳಿದರು. ಯಾಕೆ ಹೋಯಿತೆಂದು ಆಗ ಅವರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಕೆಲವು ವರ್ಷದ ಮೇಲೆ. ಒಂದು ದಿನ ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದರು: ದಿನ ತುಂಬದ ಕೂಸಿನ ಕಣ್ಣು ಒಳಗೆ ಪೂರ್ತಿ ಬೆಳೆದಿರುವುದಿಲ್ಲ. ಕೂಸು ಸಣ್ಣದಿದ್ದಷ್ಟೂ ಅಪಾಯ. ಅಂಥದಕ್ಕೆ ಆಕ್ಸಿಜನ್ ಹೆಚ್ಚು ಕೊಟ್ಟರೆ, ಹೆಚ್ಚು ದಿನ ಕೊಟ್ಟರೆ, ಕಣ್ಣು ಕೆಡುತ್ತದೆಯಂತೆ. ಹೊರದೇಶದ ದೊಡ್ಡ ಆಸ್ಪತ್ರೆಗಳಲ್ಲೇ ಎಷ್ಟೋ ಕೂಸುಗಳಿಗೆ ಹೀಗಾಗಿದೆಯಂತೆ.

“ಮತ್ತ ಆ ಹೆಣ್ಣುಕೂಸು ಇನ್ನೂ ಸಣ್ಣದಿತ್ತಲ್ರಿ?” ಎಂದೆ.

“ಅದಕ್ಕೆ ನಾವು ಆಕ್ಸಿಜನ್ ಕೊಡಲಿಲ್ಲವಲ್ಲ” ಎಂದರು.

ಆಗ ಆ ಮೂರು ಮಧ್ಯಾಹ್ನದ ಮಾತು ಹೇಳಿದೆ. ಸಿಲಿಂಡರಿನ ತಿರುಪು ಸವೆದಿರಬಹುದು ಎಂದರು ಅವರು. ಸವೆದ ತಿರುಪು ಸಡಿಲವಾಗುತ್ತದೆ, ಬಿಗಿಯಾಗುವುದಿಲ್ಲ. ಎರಡು ಬೇರೆ ಬೇರೆ ಸಿಲಿಂಡರು ಒಂದೇ ಹೊತ್ತಿಗೆ ಸವೆಯುವುದೂ ಇಲ್ಲ. ಮುಚ್ಚಿದವರು ಯಾರೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಕೊಲ್ಲಲು ಬಂದದ್ದು ಎಂದು ತಿಳಿದು ಬೈದೆನಲ್ಲ, ಅದು ಬಂದದ್ದು ಅದಕ್ಕಲ್ಲದಿದ್ದರೆ? ನನ್ನ ಬೈಗುಳಕ್ಕೆ ಸುಮ್ಮನೆ ಹೋಗಿಬಿಟ್ಟಿತಲ್ಲ, ಯಾಕೆ? ತೆರೆದವಳು ಮಾತ್ರ ನಾನು, ಅದರಲ್ಲಿ ಅನುಮಾನವಿಲ್ಲ.

ಮಲ್ಲೇಶ ದೊಡ್ಡವನಾದ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಭತ್ತದ ಒಣಗು ನೋಡುವ ಕೆಲಸ. ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಆಯಿತು, ಇಲ್ಲ, ಇನ್ನೊಂದು ಬಿಸಿಲು ಬೇಕು ಎಂದು ಹೇಳಿಬಿಡುತ್ತಾನೆ. ಅವನಿಗೆ ಮೂವತ್ತು ದಾಟಿದ ಮೇಲೆ ಒಮ್ಮೆ ಬಸ್ಸು ಹತ್ತಿ ಹೋದೆ. ಹೇಳದೆ ಸಾಯಬಾರದು ಎನಿಸಿತ್ತು. ಮಿಲ್ಲಿನ ಕಟ್ಟೆಯ ಮೇಲೆ ಕೂರಿಸಿಕೊಂಡು, ಗಂಗಮ್ಮ ಅಡ್ಡ ನಿಂತದ್ದರಿಂದ ಹಿಡಿದು ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಯಾರು ಮುಚ್ಚಿದ್ರು ಅನ್ನಾದು ಬಿಡು ಯಮ್ಮಾ. ಮುಚ್ಚಿದಾಗ ನಾನು ಹೆಂಗಿದ್ದೆ? ಉಸುರಾಡಾಕ ಕಷ್ಟಪಡ್ತಿದ್ನೇನು? ಇಲ್ಲಾ ಆರಾಮ ಮಲಗಿದ್ನಾ?”

ನಾನು ಬಾಯಿ ತೆರೆದೆ. ಬಾಟಲಿ ನೆನಪಿತ್ತು, ಕೊನೆಯ ಗುಳ್ಳೆ ನೆನಪಿತ್ತು, ಚಾವಿ ಅಂಗೈಗೆ ಒತ್ತಿ ಮೂಡಿದ ಕಲೆ ನೆನಪಿತ್ತು. ಅವನು ನನ್ನ ಕಡೆ ಕಿವಿ ಕೊಟ್ಟು ಕಾಯುತ್ತಿದ್ದ.

“ನೋಡ್ಲಿಲ್ಲಪ್ಪಾ” ಎಂದೆ. “ಮೂರು ದಿನಾನೂ ನಿನ್ನ ಮಾರಿ ನೋಡ್ಲಿಲ್ಲ.”