ಹುಲ್ಲಿನ ಕೆಳಗೆ ಸಿಕ್ಕ ಕಾಡು

ಸಸ್ಯ ಪಳೆಯುಳಿಕೆ ಎಂದರೆ ಕಲ್ಲಾಗಿ ಹೋದ ಮರದ ಕಾಂಡ, ಬಂಡೆಯಲ್ಲಿ ಅಚ್ಚೊತ್ತಿದ ಎಲೆ ಎಂದಷ್ಟೇ ನಮ್ಮ ಕಡೆಯ ಕಾಲೇಜುಗಳಲ್ಲಿ ಪಾಠವಾಗುತ್ತಿದ್ದ ಕಾಲದಲ್ಲಿ, ಬರಿಗಣ್ಣಿಗೆ ಕಾಣದ ಪರಾಗದ ಕಣವೂ ಪಳೆಯುಳಿಕೆಯೇ ಎಂದು ಹೇಳಿ, ಅದನ್ನು ಬೆಟ್ಟದ ಜೌಗುಮಣ್ಣಿನಿಂದ ಬಿಡಿಸಿ, ಆ ಗಿಡ ಹೂಬಿಟ್ಟ ದಿನಗಳಲ್ಲಿ ಮಳೆ ಹೇಗಿತ್ತು, ಸುತ್ತ ಕಾಡಿತ್ತೋ ಹುಲ್ಲಿತ್ತೋ ಎಂಬುದನ್ನು ಓದಿ ತೋರಿಸಿದವರು ಡಾ. ಪಾಂಡೀಶ್ವರಿಯವರು. ದಿಂಡಿಗಲ್ಲಿನ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಸೇವೆ ಸಲ್ಲಿಸಿ ಈ ವರ್ಷ ನಿವೃತ್ತರಾಗುತ್ತಿರುವ ಅವರನ್ನು ಗೌರವಿಸಲು ಹೊರಟಾಗ, ಅವರ ಸಾಧನೆಗಳಲ್ಲಿ ಯಾವುದನ್ನು ಮೊದಲು ಹೇಳಬೇಕೆಂಬ ಪ್ರಶ್ನೆಗೆ ಶಿಷ್ಯರೆಲ್ಲರೂ ಒಂದೇ ಉತ್ತರ ಕೊಟ್ಟರು: ಬತ್ತಲಗುಂಡಿನ ಕಲ್ಯಾಣ ಮಂಟಪದಲ್ಲಿ ಅವರು ಎದ್ದು ನಿಂತ ದಿನವನ್ನು ಹೇಳಿ ಎಂದು.

ಆ ದಿನಕ್ಕೆ ಬರುವ ಮುನ್ನ ಕಂಬಂ ಕಣಿವೆಯ ಓಡೈಪಟ್ಟಿಗೆ ಹೋಗಬೇಕು. ಅಲ್ಲಿ ಅವರ ತಂದೆ ಚಿನ್ನತಂಬಿಯವರಿಗೆ ದ್ರಾಕ್ಷಿ ತೋಟವಿತ್ತು. ನಮ್ಮೆಲ್ಲರ ಮನೆಗಳ ಹಾಗೆಯೇ ಎಷ್ಟೋ ತಲೆಮಾರುಗಳ ಹಿಂದೆ ಬಂದು ನೆಲೆನಿಂತ ಕನ್ನಡದ ಒಕ್ಕಲು ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಒಂದು ವರ್ಷ ಬಳ್ಳಿ ಹೂವಿಗೆ ಬಂದ ಹೊತ್ತಿನಲ್ಲಿ ಮಳೆ ಹಿಡಿದು, ಕಟ್ಟಬೇಕಾದ ಗೊನೆಗಳು ಅರ್ಧಕ್ಕರ್ಧ ಕಟ್ಟದೆ ಹೋದವು. ಮಳೆಗೆ ಹೂವಿನ ಪುಡಿ ತೊಳೆದುಹೋಯಿತೆಂದು ತಂದೆ ಹೇಳಿದಾಗ, ಅದು ಎಲ್ಲಿಗೆ ಹೋಯಿತೆಂದು ಮಗಳು ಕೇಳಿದಳಂತೆ.

“ಮಣ್ಣಿಗೇ ಹೋಯ್ತದೆ ಕಣ್ಣು ಮಗ್ಳೇ, ಬೇರೆ ಎಲ್ಲಿಗೆ ಹೋಯ್ತದೆ?”

“ಮಣ್ಣಲ್ಲಿ ಕೆಟ್ಟು ಹೋಯ್ತದಾ ಅಪ್ಪಾ?”

“ಅದು ನಂಗೆ ತೆರಿಯಾದು. ಓದಿದೋರ್ನ ಕೇಳು.”

ಓದಿದವರನ್ನು ಕೇಳಲೆಂದೇ ಅವರು ದಿಂಡಿಗಲ್ಲಿಗೆ ಓದಲು ಬಂದರು. ಹಾಸ್ಟೆಲಿಗೆ ಕಳಿಸಲು ಮನೆಯವರು ಒಪ್ಪದಿದ್ದಾಗ, ನಿಲಕ್ಕೋಟ್ಟೈಗೆ ಮದುವೆಯಾಗಿ ಹೋಗಿದ್ದ ಸೋದರತ್ತೆ ವೆಳ್ಳೈಯಮ್ಮಾಳ್, “ಹುಡುಗಿ ನಮ್ಮನೇಲಿ ಇರ್ತಾಳೆ, ಬಸ್ಸಲ್ಲಿ ಹೋಗಿ ಬರ್ತಾಳೆ” ಎಂದು ಕರೆದುಕೊಂಡು ಹೋದರು. ವೆಳ್ಳೈಯಮ್ಮಾಳರದು ಮಲ್ಲಿಗೆ ಮತ್ತು ಕನಕಾಂಬರದ ತೋಟ. ಬೆಳಗಿನ ಜಾವ ಅತ್ತೆಯೊಂದಿಗೆ ಮೊಗ್ಗು ಬಿಡಿಸಿ, ಆಮೇಲೆ ಬಸ್ಸು ಹಿಡಿದು ತರಗತಿಗೆ ಬರುತ್ತಿದ್ದ ವಿದ್ಯಾರ್ಥಿನಿಯ ಬೆರಳುಗಳಲ್ಲಿ ಮಲ್ಲಿಗೆಯ ವಾಸನೆ ಇರುತ್ತಿತ್ತೆಂದು ಅವರ ಸಹಪಾಠಿಗಳು ಈಗಲೂ ನೆನೆಯುತ್ತಾರೆ. ಪರಾಗದ ಹೊರಕವಚ ಕೊಳೆಯದೆ ಸಾವಿರಾರು ವರ್ಷ ಮಣ್ಣಿನಲ್ಲಿ ಉಳಿಯಬಲ್ಲದು, ಪದರದ ಮೇಲೆ ಪದರವಾಗಿ ಕೂಡುತ್ತ ಹೋಗಿ ಒಂದು ನಾಡಿನ ಹಸಿರಿನ ಚರಿತ್ರೆಯನ್ನು ಕಾಪಾಡಬಲ್ಲದು ಎಂಬ ಸಂಗತಿ ತಿಳಿದ ದಿನವೇ ತಮ್ಮ ದಾರಿ ನಿಶ್ಚಯವಾಯಿತೆಂದು ಅವರು ಹೇಳುವುದುಂಟು.

ಅದೇ ಕಾಲೇಜಿಗೆ ಅಧ್ಯಾಪಕಿಯಾಗಿ ಸೇರಿದ ಮೇಲೆ ಅವರು ಕಟ್ಟಿದ ಪ್ರಯೋಗಾಲಯವನ್ನು ಕಂಡವರು ಅದರ ಅಚ್ಚುಕಟ್ಟನ್ನು ಮೆಚ್ಚಿದರು. ಅಲ್ಲಿ ದುಡಿದವರು ಅದನ್ನು ಕಟ್ಟಿದವರ ಮನಸ್ಸನ್ನು ಮೆಚ್ಚಿದರು. ಮಣ್ಣಿನಿಂದ ಪರಾಗವನ್ನು ಬಿಡಿಸಲು ಬೇಕಾದ ಆಮ್ಲ ಮೂಳೆಯನ್ನೂ ತಿನ್ನುವಂಥದ್ದು. ಹೊಗೆ ಹೊರಹಾಕುವ ಗೂಡು ಕೆಟ್ಟಿದ್ದ ವರ್ಷಗಳಲ್ಲಿ ಅವರು ಒಬ್ಬ ವಿದ್ಯಾರ್ಥಿಯನ್ನೂ ಅದರ ಬಳಿ ಸುಳಿಯಗೊಡದೆ, ಎಲ್ಲರ ಮಾದರಿಗಳನ್ನೂ ಅಂಗಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತು ತಾವೇ ತೊಳೆದರು. ಜೆಯಲಕ್ಷ್ಮಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಾಣಂತನಕ್ಕೆ ತವರಿಗೆ ಹೋದಾಗ, ಅರ್ಧಕ್ಕೆ ನಿಂತಿದ್ದ ಆಕೆಯ ಸ್ಲೈಡುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತಾವೇ ಎಣಿಸಿ ಮುಗಿಸಿದರು. ಪ್ರಬಂಧದಲ್ಲಿ ತಮ್ಮ ಹೆಸರು ಸೇರಿಸಲು ಮಾತ್ರ ಬಿಡಲಿಲ್ಲ. ಮನೆಮಾತಾಗಿ ಮಾತ್ರ ಬಲ್ಲ ಕನ್ನಡದ ಅಕ್ಷರಗಳನ್ನು ನಲವತ್ತು ದಾಟಿದ ಮೇಲೆ ಕಲಿತು, ಕಣಿವೆಯ ನಮ್ಮ ಮನೆಗಳ ಮಕ್ಕಳಿಗಾಗಿ ಗಿಡಮರಗಳ ಬಗ್ಗೆ ಕನ್ನಡದಲ್ಲಿ ಬರೆಯತೊಡಗಿದ್ದೂ ಈ ನಡುವಿನ ವರ್ಷಗಳಲ್ಲೇ.

ಅವರ ಹೆಸರು ಊರೂರಿಗೆ ತಿಳಿದದ್ದು ಬತ್ತಲಗುಂಡಿನ ಮೇಲಣ ಘಟ್ಟದ ಒಂದು ಹುಲ್ಲುಗಾವಲಿನಿಂದ. ಅಲ್ಲಿ ಹುಟ್ಟುವ ಹಳ್ಳ ಇಳಿದು ಬಂದು ನಿಲಕ್ಕೋಟ್ಟೈ ಕಡೆಯ ಹೂದೋಟಗಳಿಗೆ ನೀರುಣಿಸುತ್ತದೆ. ಒಂದು ಖಾಸಗಿ ಟ್ರಸ್ಟು ಆ ಹುಲ್ಲುಗಾವಲನ್ನು ‘ಪಾಳುಬಿದ್ದ ಕಾಡು’ ಎಂದು ಕರೆದು, ಇಳಿಜಾರಿನುದ್ದಕ್ಕೂ ಬೇಗ ಬೆಳೆಯುವ ಮರಗಳನ್ನು ನೆಡಲು ಹೊರಟಿತು. ಆ ಮರಗಳು ನೀರು ಹೀರಿದರೆ ಹಳ್ಳ ಬತ್ತುತ್ತದೆಂದು ರೈತರು ಗಾಬರಿಗೊಂಡರು. ಪಾಂಡೀಶ್ವರಿಯವರು ಆ ಹುಲ್ಲುಗಾವಲಿನ ಜೌಗಿನಂಚಿನಲ್ಲಿ ಗುಂಡಿ ತೋಡಿ, ಮೇಲಿನಿಂದ ತಳದವರೆಗೆ ಮಣ್ಣು ಪರೀಕ್ಷಿಸಿ, ಎಲ್ಲ ಪದರಗಳಲ್ಲೂ ಹುಲ್ಲಿನ ಪರಾಗವೇ ಹೆಚ್ಚಿದೆ, ತಳದ ಮಣ್ಣು ಹತ್ತು ಸಾವಿರ ವರ್ಷ ಹಳೆಯದು, ಆದ್ದರಿಂದ ಇಲ್ಲಿ ಕಾಡಿರಲೇ ಇಲ್ಲ ಎಂದು ಪ್ರಕಟಿಸಿದರು. ಯೋಜನೆ ನಿಂತಿತು. ವೆಳ್ಳೈಯಮ್ಮಾಳ್ ಆ ವರ್ಷ ಸೊಸೆಯಂದಿರಿಗೆಲ್ಲ, “ನನ್ನ ಅಣ್ಣನ ಮಗಳು ಮಣ್ಣನ್ನ ಮಾತಾಡಿಸ್ತಾಳೆ” ಎಂದು ಹೇಳಿಕೊಂಡು ತಿರುಗಿದರು.

ಕೆಲವು ವರ್ಷಗಳ ನಂತರ ಟ್ರಸ್ಟು ಮತ್ತೆ ಅರ್ಜಿ ಹಾಕಿತು. ಬತ್ತಲಗುಂಡಿನಲ್ಲಿ ಸಾರ್ವಜನಿಕ ವಿಚಾರಣೆ ನಿಗದಿಯಾಯಿತು. ಅದಕ್ಕೆ ವಾರವಿರುವಾಗ ಅವರ ಶಿಷ್ಯ ಲೋಗೇಶ್ ಮುಖ ಸಣ್ಣದು ಮಾಡಿಕೊಂಡು ಪ್ರಯೋಗಾಲಯಕ್ಕೆ ಬಂದರು. ಹಿಂದೆ ಕಾಲನಿರ್ಣಯಕ್ಕೆ ಕಳಿಸಿದ್ದು ಮಣ್ಣಿನ ಹೆಂಟೆಯನ್ನು. ಲೋಗೇಶ್ ಈಗ ಅದೇ ಗುಂಡಿಯ ತಳದಿಂದ ಒಂದೊಂದೇ ಹುಲ್ಲುಬೀಜ ಆರಿಸಿ ಕಳಿಸಿದ್ದರು. ಬೀಜಗಳಿಗೆ ಎರಡು ಸಾವಿರ ವರ್ಷವೂ ಆಗಿರಲಿಲ್ಲ. ಮೇಲಿನ ಇಳಿಜಾರಿನ ಹಳೆಯ ಮಣ್ಣು ಮಳೆಗೆ ಕೊಚ್ಚಿ ಬಂದು ಅಂಚಿನ ಜೌಗಿನಲ್ಲಿ ಬೆರೆತು, ಇಡೀ ಗುಂಡಿಯನ್ನು ಇಲ್ಲದ ವಯಸ್ಸಿನದೆಂದು ತೋರಿಸಿತ್ತು.

“ಟೀಚರ್, ವಿಚಾರಣೆ ಮುಗಿಯೋ ವರೈಕ್ಕೂ ಸುಮ್ನೆ ಇರೋಣ” ಎಂದರು ಲೋಗೇಶ್, ತಮಗೆ ಬರುವಷ್ಟು ಕನ್ನಡದಲ್ಲಿ. “ಆಮೇಲೆ ಹೇಳಿದ್ರೆ ಯಾರ್ಗೂ ನಷ್ಟ ಇಲ್ಲ.”

ಅತ್ತೆಯ ತೋಟ ಕಣ್ಣ ಮುಂದೆ ಬಂದಿತೆಂದೂ, ಒಂದು ಕ್ಷಣ ‘ಹಾಗೇ ಆಗಲಿ’ ಎಂಬ ಮಾತು ತುಟಿಯವರೆಗೂ ಬಂದಿತ್ತೆಂದೂ ಪಾಂಡೀಶ್ವರಿಯವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕೊನೆಗೆ ಅವರು ಅಂದದ್ದು ಇಷ್ಟು: “ತಪ್ಪು ನಂದು, ಲೋಗೇಶ್. ಕಂಡುಹಿಡಿದ ಹೆಸರು ನಿಂದು. ಎರಡನ್ನೂ ಯಾಕೆ ಮುಚ್ಚಿಡ್ಬೇಕು?”

ವಿಚಾರಣೆಯ ದಿನ ಕಲ್ಯಾಣ ಮಂಟಪ ತುಂಬಿತ್ತು. ರೈತರ ಸಾಲಿನ ಮುಂದೆಯೇ ವೆಳ್ಳೈಯಮ್ಮಾಳ್ ಕುಳಿತಿದ್ದರು. ಪಾಂಡೀಶ್ವರಿಯವರು ಎದ್ದು, ತಮ್ಮ ಹಳೆಯ ಲೆಕ್ಕ ತಪ್ಪೆಂದೂ, ಅದನ್ನು ಆಧಾರವಾಗಿ ಹಿಡಿಯಬಾರದೆಂದೂ, ತಪ್ಪನ್ನು ಕಂಡವರು ಲೋಗೇಶ್ ಎಂದೂ ತಮಿಳಿನಲ್ಲಿ ಬಿಡಿಸಿ ಹೇಳಿದರು. ಮಂಟಪದಲ್ಲಿ ಗದ್ದಲವೆದ್ದಿತು. ಹಾಗಾದರೆ ಇಲ್ಲಿದ್ದ ಕಾಡನ್ನು ಜನರೇ ಸುಟ್ಟು ಹುಲ್ಲು ಮಾಡಿದ್ದಾರೆ, ನೆಡಲು ಅಡ್ಡಿಯೇನು ಎಂದು ಟ್ರಸ್ಟಿನವರು ಎದ್ದರು. ಆಗ ಅವರು ಆಡಿದ ಮಾತು ಇಂದಿಗೂ ನಮ್ಮ ವಿಭಾಗದಲ್ಲಿ ಬಳಕೆಯಲ್ಲಿದೆ: “ನನ್ನ ಲೆಕ್ಕ ತಪ್ಪು ಅಂದೆ. ನಿಮ್ಮದು ಸರಿ ಅನ್ನಲಿಲ್ಲ.” ಜೌಗಿನ ನಡುವೆ, ಇಳಿಜಾರಿನ ಮಣ್ಣು ಮುಟ್ಟದ ಕಡೆ ಮತ್ತೆ ತೋಡಲು ಅವಕಾಶ ಬೇಡಿದರು. ಅಧಿಕಾರಿಗಳು ತೀರ್ಮಾನವನ್ನು ಮುಂದಿನ ವರ್ಷಕ್ಕೆ ಹಾಕಿದರು.

ಹೊರಗೆ ಬೇವಿನ ಮರದಡಿ ವೆಳ್ಳೈಯಮ್ಮಾಳ್ ಕಾದಿದ್ದರು.

“ಏನವ್ವಾ ಪಾಂಡೀ, ಬೇರೆಯೋರು ಕೆಡಿಸಿದ್ರೆ ತಾಳ್ಕೊಂಡಿರ್ತಿದ್ದೆ. ನೀನೇ ನಮ್ಮ ಹೊಟ್ಟೆ ಮೇಲೆ ಹೊಡೆದ್ಯಲ್ಲಾ!”

“ಪೊಯ್ ಹೇಳಿ ನೀರು ಉಳಿಸಿದ್ರೆ ಅತ್ತೆ, ನಾಳೆ ನಾನು ನಿಜ ಹೇಳಿದಾಗ ಯಾರು ನಂಬ್ತಾರೆ?”

“ನಾಳೆ ಮಾತು ಇರ್ಲಿ. ತೋಟ ಇವತ್ತು ಒಣಗ್ತದೆ” ಎಂದ ವೆಳ್ಳೈಯಮ್ಮಾಳ್ ತಿರುಗಿ ನೋಡದೆ ಬಸ್ಸು ಹತ್ತಿದರು. ಆಮೇಲೆ ಆ ಮನೆಯ ಮದುವೆಯೊಂದಕ್ಕೆ ಪಾಂಡೀಶ್ವರಿಯವರಿಗೆ ಕರೆಯೇ ಬರಲಿಲ್ಲ.

ಆ ಬೇಸಿಗೆಯಲ್ಲಿ ಗುರುಶಿಷ್ಯರು ಮತ್ತೆ ಘಟ್ಟ ಹತ್ತಿದರು. ಜೌಗಿನ ನಡುವೆ ತೋಡಿದ ಗುಂಡಿಗೆ ನೀರು ನುಗ್ಗಿ ಗೋಡೆ ಕುಸಿಯಿತು. ಎರಡನೆಯದಕ್ಕೂ ಅದೇ ಗತಿ. ಮೂರನೆಯದಕ್ಕೆ ಹಲಗೆ ಇಳಿಸಿ, ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹೊರಹಾಕುತ್ತ ಹೋದಾಗ, ಆಳುದ್ದದ ಕಪ್ಪು ಮಣ್ಣಿನ ಕೆಳಗೆ ಬೇರೊಂದು ಪದರ ಸಿಕ್ಕಿತು. ಅದು ಎಲೆಗಳ ಪದರ. ಕರಣೆಯ ಮೊನೆಯಲ್ಲಿ ಬಿಡಿಸಿದ ಎಲೆ ಹೊಂಬಣ್ಣದಲ್ಲಿ, ನರನರವೂ ಕಾಣುವಂತೆ, ನಿನ್ನೆ ಉದುರಿದ ಹಾಗೆ ಅಂಗೈ ಮೇಲೆ ಮಲಗಿತು. ಗಾಳಿ ಸೋಕಿ ನೋಡನೋಡುತ್ತಲೇ ಕಪ್ಪಾಯಿತು.

“ಟೀಚರ್, ಇದು ಮರದ್ದು” ಎಂದರು ಲೋಗೇಶ್, ದನಿ ಕುಂದಿ. “ಕಾಡೇ ಇತ್ತು.”

ಆದರೆ ಮಂಡಿಯುದ್ದದ ಕೆಸರಿನಲ್ಲಿ ನಿಂತಿದ್ದ ಪಾಂಡೀಶ್ವರಿಯವರ ಮುಖದಲ್ಲಿ ಆಗ ಲೋಗೇಶ್ ಕಂಡದ್ದು ಸೋಲಲ್ಲ. ಮೊಗ್ಗಿನ ಬುಟ್ಟಿ ಇಳಿಸಿ ಪುಸ್ತಕ ತೆರೆದ ಹುಡುಗಿಯ ಆನಂದವನ್ನು ಕಂಡಂತಾಯಿತೆಂದು ಅವರು ಹೇಳುತ್ತಾರೆ. “ಎಂಥಾ ಮಳೆ ಬಿದ್ದಿರ್ಬೇಕು ನೋಡು, ಇಷ್ಟು ಎಲೆ ಕೊಳೆಯದೆ ನೀರಲ್ಲೇ ಮುಳುಗಿರ್ಬೇಕಾದ್ರೆ” ಎಂದರಂತೆ. “ಸಿಕ್ಕಿದ್ದನ್ನೆಲ್ಲ ಬರ್ಕೋ. ನಮಗೆ ಬೇಡವಾದ್ದನ್ನ ಮೊದಲು ಬರ್ಕೋ.”

ಮುಂದಿನ ತಿಂಗಳುಗಳು ಸೂಕ್ಷ್ಮದರ್ಶಕದ ಮುಂದೆ ಕಳೆದವು. ಈ ಬಾರಿ ಪದರಪದರಕ್ಕೂ ಎಲೆಯನ್ನೋ ಬೀಜವನ್ನೋ ಬಿಡಿಯಾಗಿ ಆರಿಸಿಯೇ ಕಾಲನಿರ್ಣಯ ಮಾಡಿಸಿದರು. ಚರಿತ್ರೆ ಮೆಲ್ಲಗೆ ತೆರೆದುಕೊಂಡಿತು. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಮಳೆಗಾಲಗಳು ಭಾರಿಯಾಗಿದ್ದಾಗ ಅಲ್ಲಿ ಕಾಡಿತ್ತು. ಮಳೆ ತಗ್ಗುತ್ತ ಬಂದಂತೆ ಮರದ ಪರಾಗ ಕಡಿಮೆಯಾಗಿ ಹುಲ್ಲಿನದು ಹೆಚ್ಚಿತು. ಆ ತಿರುವಿನ ಪದರಗಳಲ್ಲಿ ಇದ್ದಿಲಿನ ಚೂರು ಇರಲಿಲ್ಲವೆಂದೇ ಹೇಳಬೇಕು. ಅಂದರೆ ಕಾಡನ್ನು ಯಾರೂ ಸುಟ್ಟಿರಲಿಲ್ಲ, ಆಕಾಶವೇ ಅದನ್ನು ಹಿಂದಕ್ಕೆ ಕರೆದುಕೊಂಡಿತ್ತು. ಅಂದಿನಿಂದ ಐದು ಸಾವಿರ ವರ್ಷಕ್ಕೂ ಮಿಕ್ಕಿ ಆ ಇಳಿಜಾರು ಹುಲ್ಲಿನದೇ. ಆದರೆ ಹಳ್ಳದ ತಗ್ಗಿನ ಮರಗಳ ಪರಾಗ ಎಂದೂ ಪೂರ್ತಿ ನಿಂತಿರಲಿಲ್ಲ. ಅಲ್ಲಿನ ಇಂದಿನ ಬೋಳು ದಂಡೆ ಮಾತ್ರ ಮನುಷ್ಯರು ಕಡಿದದ್ದು.

ಎರಡನೆಯ ವಿಚಾರಣೆಯಲ್ಲಿ ಅವರು ಇವೆಲ್ಲವನ್ನೂ, ರೈತರಿಗೆ ಹಿತವಾದದ್ದನ್ನೂ ಅಹಿತವಾದದ್ದನ್ನೂ, ಒಂದೇ ದನಿಯಲ್ಲಿ ಹೇಳಿದರು. ಟ್ರಸ್ಟಿನ ಪರವಾಗಿ ಬಂದಿದ್ದ ತಜ್ಞರು ಗಂಟೆಗಟ್ಟಲೆ ಪ್ರಶ್ನಿಸಿದರು. ಕೊನೆಗೆ, ತನ್ನ ತಪ್ಪನ್ನು ತಾನೇ ತಂದು ಮುಂದಿಟ್ಟವರ ಲೆಕ್ಕವನ್ನು ಅನುಮಾನಿಸಲು ತಮಗೆ ಕಾರಣ ಕಾಣುತ್ತಿಲ್ಲ ಎಂದು ಕುಳಿತರು. ಇಳಿಜಾರಿನ ಹುಲ್ಲನ್ನು ಮುಟ್ಟಬಾರದೆಂದೂ, ಹಳ್ಳದ ದಂಡೆಯಲ್ಲಿ ಮಾತ್ರ ಆ ಬೆಟ್ಟದ್ದೇ ಮರಗಳನ್ನು ಬೆಳೆಸಬಹುದೆಂದೂ ತೀರ್ಮಾನವಾಯಿತು. ಆ ಸಸಿಗಳನ್ನು ಇಂದು ನೋಡಿಕೊಳ್ಳುತ್ತಿರುವುದು ಅದೇ ಟ್ರಸ್ಟು ಎಂಬುದನ್ನೂ ಮೆಚ್ಚುಗೆಯಿಂದ ಹೇಳಬೇಕು.

ಅಂದು ವೆಳ್ಳೈಯಮ್ಮಾಳ್ ತಾವಾಗಿಯೇ ಹತ್ತಿರ ಬಂದರು.

“ಈಗ ಹೇಳಿದ್ದಾದ್ರೂ ನಿಜಾನಾ?”

“ಇದುವರೆಗೆ ಸಿಕ್ಕಿದ್ದು ಇಷ್ಟು ಅತ್ತೆ. ನಾಳೆ ಬೇರೆ ಸಿಕ್ಕಿದ್ರೆ ಅದನ್ನೂ ಹೇಳ್ತೀನಿ.”

“ಹೇಳೋಳೇ ನೀನು. ಬಿಡೋಳಲ್ಲ” ಎಂದು ವೆಳ್ಳೈಯಮ್ಮಾಳ್ ಅಲ್ಲಿಯೇ, ಅಷ್ಟು ಜನರ ನಡುವೆ, ತಮ್ಮ ಮುಡಿಯ ಹೂವನ್ನು ಹರಿದು ಅರ್ಧವನ್ನು ಅವರಿಗೆ ಮುಡಿಸಿದರು. ಹತ್ತಾರು ಪ್ರಶಸ್ತಿಗಳನ್ನು ನಗುತ್ತ ಸ್ವೀಕರಿಸಿದ ಪಾಂಡೀಶ್ವರಿಯವರು ಎಲ್ಲರೆದುರು ಕಣ್ಣೊರೆಸಿಕೊಂಡದ್ದು ಆ ಒಂದೇ ಸಲ.

ಕಾಲೇಜಿನ ಸೇವೆ ಮುಗಿದರೂ ಅವರ ಕೆಲಸ ಮುಗಿಯುವ ಲಕ್ಷಣವಿಲ್ಲ. ಕಣಿವೆಯ ಹಳೆಯ ಕೆರೆಗಳ ಹೂಳಿನಿಂದ, ನಮ್ಮ ಹಿರಿಯರು ಇಲ್ಲಿಗೆ ಬಂದಿಳಿದಾಗ ಯಾವ ಬೆಳೆ ಬೆಳೆದರು, ಯಾವ ಬರಗಾಲಗಳನ್ನು ದಾಟಿದರು ಎಂಬುದನ್ನು ಅರಿಯುವ ಹೊಸ ಕೆಲಸಕ್ಕೆ ಅವರು ಈಗಾಗಲೇ ಕೈಹಚ್ಚಿದ್ದಾರೆ. ವಿಭಾಗದಲ್ಲಿ ಅವರ ಸ್ಥಾನಕ್ಕೆ ಬಂದಿರುವ ಡಾ. ಲೋಗೇಶ್ ಜೊತೆಗಿದ್ದಾರೆ. ಆ ಹೂಳು ನಮ್ಮ ವಂಶದ ಬಗ್ಗೆ ನಾವು ಹೇಳಿಕೊಂಡು ಬಂದ ಕಥೆಗಳಿಗೆ ಒಪ್ಪಿದರೂ ಒಪ್ಪದಿದ್ದರೂ ಅವರು ನಮಗೆ ಅದನ್ನು ಇದ್ದ ಹಾಗೆಯೇ ಹೇಳುತ್ತಾರೆಂಬ ಭರವಸೆ ನಮಗಿದೆ. ಸಾವಿರ ಸಾವಿರ ವರ್ಷಗಳ ಲೆಕ್ಕದಲ್ಲಿ ಬಾಳಿದವರಿಗೆ ಬರಿಯ ನೂರನ್ನು ಹಾರೈಸುವುದು ಜಿಪುಣತನವಾದೀತು. ಆದರೂ ಮನುಷ್ಯರ ಕೈಲಾದ ಹಾರೈಕೆ ಅಷ್ಟೇ ಆದ್ದರಿಂದ, ಆ ನೂರೂ ಅವರಿಗೆ ದೃಷ್ಟಿ ಮಂಜಾಗದೆ, ಮಂಡಿ ನೋಯದೆ, ಮುಂದೆ ತೋಡಲು ಒಂದು ಕೆರೆ ಯಾವಾಗಲೂ ಬಾಕಿ ಇರುವಂತೆ ದೊರೆಯಲಿ.