ಪ್ರಶಂಸೆಯ ಸಾಲಿಗೆ ಸೇರಿದ ಡೀಸೆಲ್ ನೀರು

ಜೇವರ್ಗಿ ಬಸ್ ನಿಲ್ದಾಣದ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ‘ಭೀಮಾಸಿರಿ ಜಲಸೇವಾ ಸಂಸ್ಥೆ’ಯ ಕಚೇರಿ ಇದೆ. ಹಳ್ಳಿಗಳಿಗೆ ಟ್ಯಾಂಕರ್‌ನಲ್ಲಿ ಕುಡಿಯುವ ನೀರು ಕಳಿಸುವುದು ಅದರ ಕೆಲಸ. ಕಳಿಸಿದ ಬಗ್ಗೆ ವರದಿ ಬರೆಯುವುದು ಅದಕ್ಕಿಂತ ದೊಡ್ಡ ಕೆಲಸ. ಫರಹೀನ ಅಲ್ಲಿ ಆರು ವರ್ಷದಿಂದ ಗುತ್ತಿಗೆ ನೌಕರಿಯಲ್ಲಿದ್ದಾಳೆ. ಜನರ ಈಮೇಲ್‌ಗಳನ್ನು ಓದಿ ಊರು, ದಿನಾಂಕ, ಬಗೆ, ಕ್ರಮ ಎಂಬ ನಾಲ್ಕು ಕಾಲಂಗಳಲ್ಲಿ ತುಂಬಬೇಕು.

ಜನ ಕಾಲಂ ನೋಡಿಕೊಂಡು ಬರೆಯುವವರಲ್ಲ. ಒಬ್ಬರು ಮಗಳ ಮದುವೆಯಿಂದ ಶುರು ಮಾಡಿ, ಬೀಗರ ಮುಂದೆ ನೀರಿಲ್ಲದೆ ಹೋದ ಮರ್ಯಾದೆಯನ್ನೆಲ್ಲ ವಿವರಿಸಿ, ಊರಿನ ಹೆಸರನ್ನೇ ಮರೆಯುತ್ತಾರೆ. ಇನ್ನೊಬ್ಬರು ‘ನಿನ್ನೆ’ ಎಂದು ಬರೆದು ಎಂಟು ದಿನದ ಮೇಲೆ ಕಳಿಸುತ್ತಾರೆ. ಫರಹೀನ ಫೋನ್ ಮಾಡಿ, “ಅಣ್ಣಾರ, ನಿಮ್ಮ ನಿನ್ನೆ ಅಂದ್ರ ಯಾವತ್ತರಿ?” ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು.

ಇಷ್ಟು ನಿಧಾನ ಮ್ಯಾನೇಜರ್ ಸುಶಾಂತ ಅವರಿಗೆ ಹಿಡಿಸಲಿಲ್ಲ. ಒಂದು ಸಾಫ್ಟ್‌ವೇರ್ ತರಿಸಿದರು.

“ಇನ್ನ ಓದೂ ತ್ರಾಸಿಲ್ಲ, ಫರಹೀನ್. ತಾನs ಓದತದ, ತಾನs ತುಂಬತದ.”

ತುಂಬಿತು. ಮೊದಲ ದಿನವೇ ‘ತಮ್ಮ ವಿಶ್ವಾಸಿ’ ಎಂಬ ಊರಿನಿಂದ ಹದಿನಾಲ್ಕು ದೂರು ಬಂದಿದ್ದವು. ಅಷ್ಟು ಕಷ್ಟದಲ್ಲಿರುವ ಊರಿಗೆ ಇನ್ನೆರಡು ಟ್ಯಾಂಕರ್ ಕಳಿಸಬೇಕೆಂದು ಸುಶಾಂತ ಡೈರಿಯಲ್ಲಿ ಬರೆದುಕೊಂಡರು. ಅದು ಊರಲ್ಲ, ಪತ್ರದ ಕೊನೆಯ ಸಾಲು ಎಂದು ಫರಹೀನ ತಿಳಿಸಿದ ಮೇಲೆ ಡೈರಿ ಮುಚ್ಚಿದರು.

ಇನ್ನೊಂದು ಗುಣ ನಿಧಾನವಾಗಿ ತಿಳಿಯಿತು. ಈ ಕಡೆಯ ಜನ ಬೈಯುವ ಮುಂಚೆ ಎರಡು ಮರ್ಯಾದೆಯ ಮಾತು ಬರೆಯುತ್ತಾರೆ. ‘ತಮ್ಮ ಅಮೂಲ್ಯ ಸೇವೆಗೆ ನಮಸ್ಕಾರ’ ಎಂದಿದ್ದರೆ ಸಾಕು, ಸಾಫ್ಟ್‌ವೇರ್ ಆ ಪತ್ರವನ್ನು ‘ಪ್ರಶಂಸೆ’ಗೆ ಹಾಕುತ್ತಿತ್ತು. ಒಂದೇ ತಿಂಗಳಲ್ಲಿ ದೂರು ಅರ್ಧಕ್ಕಿಳಿದು ಪ್ರಶಂಸೆ ಎರಡರಷ್ಟಾಯಿತು. ಸುಶಾಂತ ಕಚೇರಿಗೆಲ್ಲ ಪೇಡೆ ಹಂಚಿದರು.

ಓದಬೇಡ ಎಂದರೂ ಓದುವ ಚಟ ಫರಹೀನಳದು. ಮಧ್ಯಾಹ್ನ ರೊಟ್ಟಿ ತಿನ್ನುತ್ತಾ ಪ್ರಶಂಸೆಗಳನ್ನು ತೆರೆದಳು. ಕಟ್ಟಿಮನಿವಾಡಿಯ ನಿವೃತ್ತ ಮಾಸ್ತರ ಖಂಡಪ್ಪ ಮೂರು ಪುಟ ಬರೆದಿದ್ದರು. ಎರಡು ಪುಟ ಸಂಸ್ಥೆಯ ಗುಣಗಾನ. ಮೂರನೆಯದರಲ್ಲಿ, ‘ನೀರಿಗೆ ಡೀಸೆಲ್ ವಾಸನೆ ಸೇರಿಸಿದ್ದು ತಮ್ಮ ಹೊಸ ಸೇವೆಯೋ ತಿಳಿಯದು, ನಮ್ಮ ಓಣಿಯಲ್ಲಿ ಹನ್ನೊಂದು ಮಂದಿ ವಾಂತಿ ಮಾಡಿಕೊಳ್ಳುತ್ತಿದ್ದಾರೆ’ ಎಂದಿತ್ತು.

ರೊಟ್ಟಿ ಬಿಟ್ಟು ಫೋನ್ ಹಚ್ಚಿದಳು.

“ಮಾಸ್ತರ್ರ, ಗಾಡಿ ನಂಬರ್ ಏನರ ನೋಡೀರೇನ್ರಿ?”

“ನಂಬರ್ ಯಾರ್ ನೋಡ್ತಾರವ್ವಾ? ಗಾಡಿ ಹಿಂದ ಒಂದು ಗಿಣಿ ಚಿತ್ರ ಬರಸ್ಯಾರ. ಅದಕ್ಕ ಕೊಕ್ಕಿಲ್ಲ.”

ಆಕೆ ಉಳಿದ ಪ್ರಶಂಸೆಗಳನ್ನೂ ಓದಿದಳು. ವಾಸನೆ ಎಂದು ಬರೆದವರಿಗೆಲ್ಲ ಫೋನ್ ಮಾಡಿ ಗಾಡಿಯ ಗುರುತು ಕೇಳಿ, ಹೊಸದೊಂದು ಐದನೇ ಕಾಲಂನಲ್ಲಿ ತುಂಬಿದಳು. ಸಂಜೆಯ ಹೊತ್ತಿಗೆ ಮೂರು ಊರು, ಏಳು ಪತ್ರ, ಏಳರಲ್ಲೂ ಕೊಕ್ಕಿಲ್ಲದ ಗಿಣಿ.

ಸುಶಾಂತ ಪಟ್ಟಿಯನ್ನು ದೀರ್ಘವಾಗಿ ನೋಡಿದರು.

“ಐದು ಕಾಲಂ ಯಾಕದಾವ? ಫಾರ್ಮ್ಯಾಟ್‌ನಾಗ ನಾಲ್ಕs ಅಲ್ಲಾ?”

“ಸರ್, ಮಂದಿ ದವಾಖಾನಿ ಸೇರಾಕತ್ತಾರ.”

“ಇವು ಪ್ರಶಂಸಾದಾಗ ಅದಾವ. ಪ್ರಶಂಸಾಕ್ಕ ಕ್ರಮ ಹೆಂಗ ತಗೊಳ್ಳೋದು? ವರದಿನೂ ಹೋಗ್ಯಾದ.”

ಫರಹೀನಳ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಆದರೂ ತನ್ನ ಕುರ್ಚಿಗೆ ಮರಳಿ ಪಟ್ಟಿಯನ್ನು ಐದು ಕಾಲಂ ಸಮೇತ ಸಂಸ್ಥೆಯ ಎಲ್ಲ ಟ್ರಸ್ಟಿಗಳಿಗೆ ಕಳಿಸಿದಳು. ಆಮೇಲೆ ಮೂರೂ ಊರುಗಳಿಗೆ ಮತ್ತೆ ಫೋನ್ ಮಾಡಿ, ಆ ನೀರು ಯಾರೂ ಕುಡಿಯಬೇಡಿ ಎಂದಳು.

ಮರುದಿನ ಟ್ರಸ್ಟಿಗಳು ಆ ಗಿಣಿಯ ಟ್ಯಾಂಕರ್ ನಿಲ್ಲಿಸಿದರು. ಅದರ ಮಾಲೀಕ ನಡುನಡುವೆ ಕಲ್ಲಿನ ಕ್ರಷರ್‌ಗೆ ಡೀಸೆಲ್ ಸಾಗಿಸುತ್ತಿದ್ದ. ತೊಳೆಯಲು ನೀರು ಸಾಲುತ್ತಿರಲಿಲ್ಲವಂತೆ. ದವಾಖಾನೆ ಸೇರಿದವರು ವಾರದೊಳಗೆ ಮನೆಗೆ ಬಂದರು. ಮೂರು ಊರುಗಳಲ್ಲೊಂದಾದ ಮಾವಿನವಾಡಿಯಿಂದ ನಜಮುನ್ನಿಸಾ ಎಂಬ ಅಜ್ಜಿ ಫೋನ್ ಮಾಡಿದಳು.

“ನೀ ಹೇಳಿದಾಗ ಮೊಮ್ಮಗಳು ಗ್ಲಾಸ್ ಬಾಯಿಗೆ ಹಚ್ಚಿದ್ದಳು, ಬೇಟಿ. ಕಸಗೊಂಡು ಚೆಲ್ಲಿದೆ.”

ಫರಹೀನ ಮೊಮ್ಮಗಳ ಹೆಸರು ಕೇಳಿ ಬರೆದುಕೊಂಡಳು.

ಸಂಸ್ಥೆ ಕೃತಜ್ಞತೆ ಮರೆಯಲಿಲ್ಲ. ಸುಶಾಂತ ಅವರಿಗೆ ಕಲಬುರಗಿಯ ಸಭೆಯಲ್ಲಿ ಶಾಲು ಹೊದಿಸಿದರು. ಅವರು ಐದು ಕಾಲಂಗಳ ಮಹತ್ವದ ಮೇಲೆ ಮುಕ್ಕಾಲು ತಾಸು ಮಾತಾಡಿದರು. ಫರಹೀನಳ ಗುತ್ತಿಗೆಯನ್ನು ಮೂರು ತಿಂಗಳು ಮುಂದುವರಿಸಿದರು.

ಆಕೆ ಸಾಫ್ಟ್‌ವೇರನ್ನು ಬಂದ್ ಮಾಡಿ, ಹಿಂದಿನಂತೆ ಓದಿ ಓದಿ ತಾನೇ ತುಂಬತೊಡಗಿದಳು. ಯಾರೂ ಗಮನಿಸಿಲ್ಲ. ಯಾರಾದರೂ ಕಚೇರಿಗೆ ಬಂದರೆ ಸುಶಾಂತ ಅವಳ ಪರದೆಯನ್ನು ತೋರಿಸುತ್ತಾರೆ.

“ನಮ್ಮ ಸಾಫ್ಟ್‌ವೇರ್ ಈಗ ಬಾಳ ಶ್ಯಾಣ್ಯಾ ಆಗ್ಯಾದ ನೋಡ್ರಿ.”

“ಹೌದ್ರಿ ಸರ್” ಎನ್ನುತ್ತಾಳೆ ಫರಹೀನ, ಮುಂದಿನ ಪತ್ರ ತೆರೆಯುತ್ತಾ.